ಮೇಲಿನ ಊರಿನ ಕೊಳೆ, ಕೆಳಗಿನ ಊರಿನ ಕೆರೆ

ದೊಡ್ಡಬಳ್ಳಾಪುರದ ಕೆಳಮಗ್ಗುಲಲ್ಲಿರುವ ದೊಡ್ಡತುಮಕೂರು ಮತ್ತು ಮಜರಾಹೊಸಹಳ್ಳಿ ಗ್ರಾಮಪಂಚಾಯಿತಿಗಳ ಜನರು, ತಮ್ಮ ಕೆರೆಗಳನ್ನು ಉಳಿಸಿಕೊಡಬೇಕೆಂದು ವರ್ಷಗಳಿಂದಲೂ ಮೊರೆಯಿಡುತ್ತಿರುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಪಟ್ಟಣದ ಚರಂಡಿಯ ನೀರೂ ಬಾಶೆಟ್ಟಿಹಳ್ಳಿಯ ಕಡೆಯ ಕಾರ್ಖಾನೆಗಳ ಕಲ್ಮಷವೂ ಹರಿದು ಬಂದು ಈ ಕೆರೆಗಳನ್ನು ಸೇರುತ್ತಿವೆ, ಕೊಳವೆಬಾವಿಯ ನೀರನ್ನು ಸಹ ನಂಬಿ ಕುಡಿಯುವಂತಿಲ್ಲ ಎಂಬುದೇ ಅವರ ದೂರು. ಧರಣಿ, ಮನವಿ, ನ್ಯಾಯಸ್ಥಾನ ಇವೆಲ್ಲವನ್ನೂ ಅವರು ಕಂಡಾಗಿದೆ.

ಇದು ಎರಡು ಹಳ್ಳಿಗಳ ಗೋಳು ಮಾತ್ರವೆಂದು ಎಣಿಸುವುದು ತಪ್ಪಾದೀತು. ಈ ಕೆರೆಗಳು ಅರ್ಕಾವತಿಯ ಸಾಲಿಗೆ ಸೇರಿದವು. ನಂದಿಬೆಟ್ಟದಲ್ಲಿ ಹುಟ್ಟಿದ ಈ ನದಿಯ ನೀರನ್ನೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿಗೆ ತಂದರು. ಇಂದು ಕಾವೇರಿಯ ನೀರನ್ನು ನೂರು ಕಿಲೋಮೀಟರಿನಷ್ಟು ದೂರದಿಂದ ಮೇಲೆತ್ತಿ ತರುತ್ತಿರುವ ರಾಜಧಾನಿಯು, ತನ್ನ ಬಾಗಿಲಲ್ಲೇ ಹರಿಯುತ್ತಿದ್ದ ನದಿಯನ್ನು ಮರೆತಿದೆ. ಆ ಜಲಾನಯನವನ್ನು ರಕ್ಷಿಸಲು ಸರ್ಕಾರದವರು 2003ರಲ್ಲಿ ಆಜ್ಞೆಯನ್ನೇನೋ ಹೊರಡಿಸಿದರು. ಆದರೆ ಆಜ್ಞೆಯು ಕಾಗದದಲ್ಲಿಯೂ ಕೊಳೆಯು ಕಾಲುವೆಯಲ್ಲಿಯೂ ಉಳಿದಿವೆ.

ದೋಷವು ಎಲ್ಲಿದೆ? ಚರಂಡಿಯ ನೀರನ್ನು ಸರಿಯಾಗಿ ವಿಲೇವಾರಿ ಮಾಡುವುದು 1964ರ ಪುರಸಭೆಗಳ ಕಾಯಿದೆಯ ಮೇರೆಗೆ ಪೌರಸಂಸ್ಥೆಯ ಕಡ್ಡಾಯ ಕರ್ತವ್ಯ. ಕಾರ್ಖಾನೆಗಳನ್ನು ಹದ್ದಿನಲ್ಲಿಡುವ ಅಧಿಕಾರವು 1974ರ ಜಲಮಾಲಿನ್ಯ ಕಾಯಿದೆಯಿಂದ ಮಾಲಿನ್ಯ ನಿಯಂತ್ರಣ ಮಂಡಲಿಗೆ ಬಂದಿದೆ. ಹೀಗೆ ಹೊಣೆಯು ಹಂಚಿಹೋಗಿರುವುದರಿಂದ ಒಬ್ಬರು ಮತ್ತೊಬ್ಬರ ಕಡೆ ಬೆರಳು ತೋರಿಸುವುದು ಸುಲಭವಾಗಿದೆ. ಕೆಳಗಿನ ಗ್ರಾಮಪಂಚಾಯಿತಿಗೋ, ಮೇಲಿನಿಂದ ಬರುವ ಕೊಳೆಯನ್ನು ತಡೆಯುವ ಅಧಿಕಾರವೇ ಇಲ್ಲ. ಅದನ್ನು ಅನುಭವಿಸುವ ಪಾಲು ಮಾತ್ರ ಅದರದಾಗಿದೆ. ನಮ್ಮ ಪಂಚಾಯಿತಿ ಕಾಯಿದೆಗೆ ಗ್ರಾಮಸ್ವರಾಜ್ಯದ ಹೆಸರನ್ನು ಸೇರಿಸಲಾಗಿದೆ. ತನ್ನ ಕೆರೆಯ ನೀರಿನ ಮೇಲೆಯೇ ಅಧಿಕಾರವಿಲ್ಲದ ಊರಿಗೆ ಅದೆಂತಹ ಸ್ವರಾಜ್ಯ?

ನಗರಸಭೆಯವರ ಕಷ್ಟವನ್ನು ನಾವು ಅರಿಯದವರಲ್ಲ. ನೇಕಾರರೂ ಕಾರ್ಮಿಕರೂ ತುಂಬಿದ ಊರು ಬೆಳೆದಷ್ಟು ಬೇಗ ಬೊಕ್ಕಸವು ಬೆಳೆಯುವುದಿಲ್ಲ. ಪಟ್ಟಣಕ್ಕೆ ಅನ್ನ ಕೊಡುವ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಹೇಳುವವರೂ ನಾವಲ್ಲ. ಆದರೆ ಮೇಲಿನವರ ಖರ್ಚು ಉಳಿಯಬೇಕೆಂದು ಕೆಳಗಿನವರ ಆರೋಗ್ಯವನ್ನು ತೆರುವುದು ಮಿತವ್ಯಯವೆನಿಸದು. ಅದು ಅನ್ಯರ ತಲೆಯ ಮೇಲೆ ಹೊರಿಸಿದ ಸಾಲ.

ಮಾಡತಕ್ಕುದು ಸ್ಪಷ್ಟವಾಗಿಯೇ ಇದೆ. ಶುದ್ಧಿಯಾಗದ ನೀರು ರಾಜಕಾಲುವೆಗೆ ಇಳಿಯದಂತೆ ನಗರಸಭೆಯೂ ಬಾಶೆಟ್ಟಿಹಳ್ಳಿಯ ಪಟ್ಟಣಪಂಚಾಯಿತಿಯೂ ಒಟ್ಟಾಗಿ ಏರ್ಪಾಡು ಮಾಡಬೇಕು. ಮೂರನೆಯ ಹಂತದ ಶುದ್ಧೀಕರಣವಾಗಬೇಕೆಂದು ಹಳ್ಳಿಯವರು ಕೇಳುತ್ತಿರುವುದು ಅತಿಯಾಸೆಯಲ್ಲ. ಕೆರೆಯ ನೀರನ್ನು ನಿಯತಕಾಲಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಹೇಳಬೇಕು. ನದಿಯ ಪಾತ್ರದ ಪೌರಸಂಸ್ಥೆಗಳೂ ಪಂಚಾಯಿತಿಗಳೂ ಸಮಾನ ಮಾತಿನೊಡನೆ ಕುಳಿತುಕೊಳ್ಳುವ ಒಂದು ಸಮಿತಿ ಏರ್ಪಡಬೇಕು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಅಂತರ್ಜಲವನ್ನು ಮಿತಿಮೀರಿ ತೆಗೆಯುತ್ತಿರುವಾಗ, ಇರುವ ಕೆರೆಯನ್ನು ಕೆಡಿಸುವುದು ಕಣಜಕ್ಕೆ ನಾವೇ ಕೊಳ್ಳಿಯಿಟ್ಟಂತೆ.

ಪಟ್ಟಣದ ಮಹಾಜನರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಮನೆಯ ಬಚ್ಚಲಿನಿಂದ ಹೊರಟ ನೀರು ಕಣ್ಮರೆಯಾಯಿತೆಂದರೆ ಇಲ್ಲವಾಯಿತೆಂದಲ್ಲ. ಅದು ಯಾವುದೋ ರೈತನ ದನವು ಬಾಯಿಡುವ ಮಡುವಿನಲ್ಲಿರುತ್ತದೆ. ಕೆರೆಯನ್ನು ಕಟ್ಟಿಸಿದವರನ್ನು ಶಾಸನಗಳಲ್ಲಿ ಹೊಗಳಿದ ನಾಡು ನಮ್ಮದು. ಕೆಡಿಸಿದವರ ಹೆಸರನ್ನು ಕಲ್ಲಿನಲ್ಲಿ ಬರೆಯುವ ಪದ್ಧತಿಯಿಲ್ಲವಾದರೂ, ಕೆಳಗಿನ ಊರಿನ ಜನರು ಅದನ್ನು ಮರೆಯಲಾರರು. ಅಧಿಕಾರಿವರ್ಗದವರು ಮುಂದಿನ ಮಳೆಗಾಲಕ್ಕೆ ಮೊದಲೇ ಎಚ್ಚೆತ್ತುಕೊಳ್ಳುವರೆಂದು ಆಶಿಸುತ್ತೇವೆ.