ಭಿನ್ನಮತೀಯರ ದಾಂಪತ್ಯ ಮತ್ತು ಮೂವತ್ತು ದಿನಗಳ ನೋಟಿಸು

ಗುತ್ತಲ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯು ಮತಗಳನ್ನು ದಾಟಿದ ಗುರು-ಶಿಷ್ಯ ಸಂಬಂಧವನ್ನು ಎಷ್ಟು ಗೌರವಿಸುತ್ತದೆಯೋ ಮತಗಳನ್ನು ದಾಟಿದ ಮದುವೆಗೆ ಅಷ್ಟೇ ಅಳುಕುತ್ತದೆ. ಮುಸ್ಲಿಂ ಸಂತಕವಿ ಶಿಶುನಾಳ ಶರೀಫರು (1819–1889) ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾದುದನ್ನು ಹಾವೇರಿ ಜಿಲ್ಲೆಯ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ, ಅವರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ; ಅದೇ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ 2024ರ ಜನವರಿಯಲ್ಲಿ, ಭಿನ್ನಮತದ ಹೆಣ್ಣು-ಗಂಡು ಜೊತೆಯಲ್ಲಿ ತಂಗಿದ್ದಾರೆಂದು ಗುಂಪೊಂದು ಅವರ ಕೋಣೆಗೆ ನುಗ್ಗಿ ಹಲ್ಲೆ ನಡೆಸಿತು. ಮದುವೆಯ ಬಗೆಗಿನ ಈ ಅಳುಕಿನ ಕಾರಣವನ್ನು ದೇವರ ಮೇಲಿನ ಶ್ರದ್ಧೆಗಿಂತ ಆಸ್ತಿ, ಸಂತಾನ, ಅಂತ್ಯಸಂಸ್ಕಾರಗಳಲ್ಲಿ ಹುಡುಕುವುದು ಯುಕ್ತ. ಗುರುವಿನ ಸಂಬಂಧ ಇವುಗಳಲ್ಲಿ ಯಾವುದನ್ನೂ ತಟ್ಟುವುದಿಲ್ಲ, ಮದುವೆ ಮೂರನ್ನೂ ತಟ್ಟುತ್ತದೆ.

ಮತಾಂತರವಿಲ್ಲದೆ ಮದುವೆಯಾಗಬಯಸುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಇದಕ್ಕೂ ಹಿಂದಿನ 1872ರ ಕಾಯ್ದೆಯು ವಧೂವರರಿಂದ ತಾವು ಯಾವ ಪ್ರಮುಖ ಮತಕ್ಕೂ ಸೇರಿದವರಲ್ಲವೆಂಬ ಹೇಳಿಕೆಯನ್ನು ಕೇಳುತ್ತಿತ್ತು. ಹೊಸ ಕಾಯ್ದೆ ಆ ಅವಮಾನವನ್ನು ತೆಗೆದುಹಾಕಿದರೂ, ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನೋಟಿಸು ಹಚ್ಚಿ ಮೂವತ್ತು ದಿನ ಕಾಯಬೇಕೆಂಬ ಷರತ್ತನ್ನು ವಿಧಿಸಿತು. ಆಕ್ಷೇಪಣೆಗೆ ವಯಸ್ಸು, ಹಿಂದಿನ ಮದುವೆ, ನಿಷಿದ್ಧ ರಕ್ತಸಂಬಂಧ ಮೊದಲಾದ ಕೆಲವೇ ಆಧಾರಗಳಿದ್ದು, ಮತಭೇದ ಅವುಗಳಲ್ಲಿಲ್ಲ. ಆದರೂ ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆ ಹಾಳೆಯನ್ನು ಮೊದಲು ಓದುವವರು ಆಕ್ಷೇಪಿಸುವವರಲ್ಲ, ಬೆದರಿಸುವವರು. ನೋಟಿಸಿನ ಪ್ರಕಟಣೆಯನ್ನು ವಧೂವರರ ಇಚ್ಛೆಗೆ ಬಿಡಬೇಕೆಂದು ಅಲಹಾಬಾದ್ ಹೈಕೋರ್ಟು 2021ರಲ್ಲಿ ನೀಡಿದ ತೀರ್ಪು ಈ ದೃಷ್ಟಿಯಿಂದ ಸರಿಯಾದುದು, ಮತ್ತು ಅದು ಸಂಸತ್ತಿನ ತಿದ್ದುಪಡಿಯಾಗಿ ದೇಶಕ್ಕೆಲ್ಲ ಅನ್ವಯಿಸಬೇಕು.

ಆಸ್ತಿಯ ವಿಷಯದಲ್ಲಿ ತಪ್ಪುತಿಳಿವಳಿಕೆಯೇ ಹೆಚ್ಚು. ಅವಿಭಕ್ತ ಕುಟುಂಬದ ಹಿಂದೂ ವ್ಯಕ್ತಿ ಈ ಕಾಯ್ದೆಯಡಿ ಅನ್ಯಮತೀಯರನ್ನು ಮದುವೆಯಾದರೆ 19ನೆಯ ಕಲಮಿನಂತೆ ಕುಟುಂಬದಿಂದ ಬೇರ್ಪಟ್ಟಂತಾಗುತ್ತದೆ. ಇದರರ್ಥ ಹಿಸ್ಸೆ ಒಡೆಯಿತೆಂದೇ ಹೊರತು ಹಿಸ್ಸೆ ಹೋಯಿತೆಂದಲ್ಲ, ಆದರೆ ಪಹಣಿಯಲ್ಲಿ ಹೆಸರು ಸೇರಿಸಲು ಒಪ್ಪದ ಅಣ್ಣತಮ್ಮಂದಿರು ಅದನ್ನು ಎರಡನೆಯ ಅರ್ಥದಲ್ಲಿಯೇ ಹೇಳಬಲ್ಲರು.

ಮದುವೆಯಾದ ಮೇಲೆ ತನ್ನ ಮತವನ್ನು ಉಳಿಸಿಕೊಳ್ಳುವುದಕ್ಕೂ ಆಸ್ತಿಗೂ ನಂಟಿದೆ. ಹಾವೇರಿ ಜಿಲ್ಲೆಯ ಬಂಕಾಪುರವನ್ನು ನೆಲೆಯಾಗಿಸಿಕೊಂಡಿದ್ದ ಹೊಯ್ಸಳ ವಿಷ್ಣುವರ್ಧನನು ವೈಷ್ಣವನಾದರೆ, ಶೈವ ತಂದೆ ಮತ್ತು ಜೈನ ತಾಯಿಯ ಮಗಳಾದ ಪಟ್ಟದರಸಿ ಶಾಂತಲೆ ಜೈನಳಾಗಿಯೇ ಉಳಿದು, 1123ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟಳು. ಅವಳ ಶ್ರದ್ಧೆಗೆ ಬೆನ್ನಾಗಿ ಅಧಿಕಾರವೂ ಸಂಪತ್ತೂ ಇದ್ದವೆಂಬುದನ್ನು ಮರೆಯಬಾರದು. ಕೈಯಲ್ಲಿ ಹೊಲವಾಗಲಿ ಸಂಬಳವಾಗಲಿ ಇಲ್ಲದ ಸೊಸೆಯೇ ಇಂದು ಮತ ಬದಲಿಸಬೇಕಾಗುತ್ತದೆ.

ಮಗುವಿಗೆ ಜವಳವೋ, ಲಿಂಗಧಾರಣೆಯೋ, ಖತ್ನಾವೋ ಎಂಬುದನ್ನು ಕಾಯ್ದೆ ಹೇಳುವುದಿಲ್ಲ, ಮದುವೆಗೆ ಮುನ್ನವೇ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು. ಮಣ್ಣಿನ ವಿಷಯ ಇನ್ನೂ ಕಠಿಣ: ಲಿಂಗಾಯತರೂ ಮುಸ್ಲಿಮರೂ ಶವವನ್ನು ಹೂಳುವವರೇ ಆದರೂ ರುದ್ರಭೂಮಿ ಬೇರೆ, ಖಬರಸ್ತಾನ ಬೇರೆ. ಸ್ವಂತ ಹೊಲದಲ್ಲಿ ಹೂಳುವ ರೂಢಿ ಈ ಭಾಗದ ಅನೇಕ ಲಿಂಗಾಯತ ಮನೆತನಗಳಲ್ಲಿರುವುದರಿಂದ, ಒಡೆದು ಬಂದ ಹಿಸ್ಸೆಯಲ್ಲಿ ಒಂದು ಗುಂಟೆಯನ್ನು ತಮ್ಮಿಬ್ಬರಿಗಾಗಿ ಗೊತ್ತುಮಾಡಿ, ಅದನ್ನು ಬರೆದಿಟ್ಟು ಮಕ್ಕಳಿಗೂ ತಿಳಿಸುವುದು ದಂಪತಿಗಳಿಗೆ ಸಾಧ್ಯವಿದೆ.