ಗಣಕಜಾಲದ ಊರು ಮತ್ತು ಮನೆ

ಗಣಕಜಾಲದ ಪ್ರಥಮ ಹಂತದ ಪರೀಕ್ಷೆಗೆ ಓದುವ ತರುಣರು ಏಳು ಪದರಗಳ ಹೆಸರನ್ನು ಕಂಠಪಾಠ ಮಾಡಿಯೂ, ಐಪಿ ವಿಳಾಸದ ಲೆಕ್ಕ ಬಂದೊಡನೆ ಎದೆಗುಂದುವುದನ್ನು ನಾವು ಕಾಣುತ್ತೇವೆ. ಅದರ ಮರ್ಮವಾದರೋ ಸರಳವಾದುದು.

1981ರಲ್ಲಿ ನಿರೂಪಿತವಾದ ನಾಲ್ಕನೆಯ ಆವೃತ್ತಿಯ ವಿಳಾಸದಲ್ಲಿ 32 ಬಿಟ್‌ಗಳಿವೆ. ಅವನ್ನು ಎಂಟೆಂಟರಂತೆ ವಿಭಾಗಿಸಿ, ಸೊನ್ನೆಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತಾರೆ. ಇದರ ಮೊದಲ ಭಾಗವು ಊರಿನಂತೆ ಜಾಲವನ್ನೂ, ಉಳಿದುದು ಮನೆಯಂತೆ ಯಂತ್ರವನ್ನೂ ಸೂಚಿಸುತ್ತದೆ. ಊರಿನ ಎಲ್ಲೆ ಯಾವುದೆಂದು ತಿಳಿಸುವುದೇ ಸಬ್‌ನೆಟ್ ಮಾಸ್ಕ್.

192.168.1.10 ಮತ್ತು 192.168.1.20 ಎಂಬೆರಡು ಯಂತ್ರಗಳಿಗೆ 255.255.255.0 ಮಾಸ್ಕ್ ಇದ್ದರೆ ಅವು ನೆರೆಮನೆಗಳು. ಸ್ವಿಚ್‌ನ ಮೂಲಕ ನೇರವಾಗಿ ಸಂವಾದಿಸುತ್ತವೆ. ಎರಡರ ಮಾಸ್ಕನ್ನೂ 255.255.255.240 ಎಂದು ಬದಲಿಸಿದೊಡನೆ ವಿಳಾಸಗಳು ಹದಿನಾರರ ಗುಂಪುಗಳಾಗಿ ಒಡೆಯುತ್ತವೆ. ಸೊನ್ನೆಯಿಂದ 15ರವರೆಗೆ ಒಂದೂರು, 16ರಿಂದ 31ರವರೆಗೆ ಇನ್ನೊಂದೂರು. ಆಗ 10 ಮತ್ತು 20 ಪರಸ್ಪರ ಪರವೂರಿನವಾಗುತ್ತವೆ. ನಡುವೆ ರೂಟರ್ ಎಂಬ ಹೆಬ್ಬಾಗಿಲು ಬೇಕೇಬೇಕು.

ಆದುದರಿಂದ ಒಂದೇ ಕೊಠಡಿಯ ಯಂತ್ರಗಳು ಮಾತು ಬಿಟ್ಟು ಕುಳಿತಾಗ, ತಂತಿಯನ್ನು ಪರೀಕ್ಷಿಸಿದಂತೆಯೇ ಮಾಸ್ಕನ್ನೂ ಪರಿಶೀಲಿಸಬೇಕು. ಉದ್ಯೋಗದಲ್ಲಿ ನಿತ್ಯವೂ ಬೇಕಾಗುವ ವಿವೇಕವಿದು. ತರುಣರು ದಿನಕ್ಕೆರಡು ಲೆಕ್ಕಗಳನ್ನು ಕಾಗದದ ಮೇಲೆಯೇ ಬಿಡಿಸಲಿ. ತಾಯ್ತಂದೆಗಳು ಅದಕ್ಕೆ ಬಿಡುವು ಕಲ್ಪಿಸಿಕೊಡಲಿ ಎಂದು ನಾವು ಹಾರೈಸುತ್ತೇವೆ.