ಬಾಯಿಲ್ಲದವರ ಊರಲ್ಲಿ ಕೊಲೆ

ಭಾನುವಾರ ಬೆಳಗ್ಗೆ ಆಬಿಡ್ಸ್‌ನಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಮುಂದಿನ ಫುಟ್‌ಪಾತ್ ತುಂಬ ಹಳೆ ಪುಸ್ತಕ. ಹೈದರಾಬಾದಿಗೆ ಬಂದು ಹದಿನೆಂಟು ವರ್ಷವಾದರೂ ನನಗೆ ಈ ಚಟ ಬಿಟ್ಟಿಲ್ಲ. ಕನ್ನಡ ಪುಸ್ತಕ ಅಪರೂಪ, ಹಾಗಾಗಿ ಕೈ ಇಂಗ್ಲಿಷ್ ಪತ್ತೇದಾರಿಗಳ ರಾಶಿಗೇ ಹೋಗುತ್ತದೆ. ಹಾಗೆ ಸಿಕ್ಕಿದ್ದು ಲಿಂಡಾ ಕ್ಯಾಸ್ಟಿಲ್ಲೊ ಅವರ 'ಸ್ವೋರ್ನ್ ಟು ಸೈಲೆನ್ಸ್', 2009ರದ್ದು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಬೆಳಗ್ಗೆ ಎದ್ದಾಗ ಸಿಟ್ಟು ಬಂದಿತ್ತು.

ಕತೆ ನಡೆಯುವುದು ಅಮೆರಿಕದ ಓಹಾಯೊದ ಆಮಿಶ್ ಜನರ ನಡುವೆ. ಇವರು ಕ್ರೈಸ್ತ ರೈತರು. ಸ್ವಂತ ಕಾರಿಲ್ಲ, ಕುದುರೆಗಾಡಿ. ಮನೆಗೆ ಕಂಬದ ಕರೆಂಟಿಲ್ಲ, ಟೀವಿ ಇಲ್ಲ. ಮನೆಯಲ್ಲಿ ಜರ್ಮನ್ನಿನದೇ ಒಂದು ಆಡುಮಾತು. ಮಕ್ಕಳ ಓದು ಎಂಟನೇ ಕ್ಲಾಸಿಗೆ ಸಾಕು ಅಂತ ಹಟ ಹಿಡಿದು, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು. ಈ ಜನರ ಬಗ್ಗೆ ಅಲ್ಲಿ ಕೊಲೆ ಕಾದಂಬರಿಗಳ ಒಂದು ಸಾಲೇ ಇದೆ. ಕೆಮಿಸ್ಟ್ರಿ ಪ್ರೊಫೆಸರ್ ಪಿ. ಎಲ್. ಗಾಸ್ 1999ರಿಂದ ಬರೆದರು. ಅದಕ್ಕೂ ಮುಂಚೆ, 1985ರಲ್ಲೇ, ಹ್ಯಾರಿಸನ್ ಫೋರ್ಡ್‌ನ 'ವಿಟ್ನೆಸ್' ಸಿನಿಮಾ ಬಂದಿತ್ತು.

ಬರೆಯುವವರಿಗೆ ಇದರಷ್ಟು ಅನುಕೂಲ ಇನ್ಯಾವುದಿದೆ ಹೇಳ್ರಿ? ಪತ್ತೇದಾರಿಗೆ ಬೇಕಾದದ್ದು ಒಳಗಿನಿಂದ ಚಿಲಕ ಹಾಕಿದ ಕೋಣೆ. ಇಲ್ಲಿ ಇಡೀ ಊರೇ ಆ ಕೋಣೆ. ಅವರ ಮೌನ ಒಂದು ಸುಳಿವು, ಪ್ರಾರ್ಥನೆ ಒಂದು ಸುಳಿವು, ಕಪ್ಪು ಟೊಪ್ಪಿಗೆ ಕೂಡ ಸುಳಿವು. ಅವರು ಬದುಕುವ ರೀತಿಯೇ ಅನುಮಾನಕ್ಕೆ ಕಾರಣವಾಗುತ್ತದೆ. ಹೆಸರು ಕೆಡಿಸಿದರಂತ ಅವರು ಕೋರ್ಟಿಗೆ ಹೋಗುವವರಲ್ಲ, ಟೀವಿಯಲ್ಲಿ ಕೂತು ಜಗಳವಾಡುವವರೂ ಅಲ್ಲ.

ನಿಜವಾಗಿ ನಡೆದದ್ದನ್ನು ಕೇಳಿ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನಲ್ಲಿ ಆಮಿಶ್ ಶಾಲೆಯೊಂದಕ್ಕೆ ನುಗ್ಗಿದವನು ಹೊರಗಿನವನು, ಹಾಲಿನ ಲಾರಿ ಓಡಿಸುತ್ತಿದ್ದವನು. ಐದು ಹೆಣ್ಣುಮಕ್ಕಳನ್ನು ಕೊಂದು ತಾನೂ ಸತ್ತ. ಆ ಊರಿನವರು ಅವನ ಹೆಂಡತಿ, ತಂದೆತಾಯಿಗಳ ಬಳಿಗೇ ಹೋಗಿ ಕ್ಷಮಿಸಿದ್ದೇವೆ ಅಂದರು. ಕಾದಂಬರಿಗಳಲ್ಲಿ ಮಾತ್ರ ಕೊಲೆಯ ಗುಟ್ಟು ಹೆಚ್ಚಾಗಿ ಅವರ ಮನೆಯೊಳಗೇ ಹೂತಿರುತ್ತದೆ.

ಅಮೆರಿಕದ ಗೋಳು ನಮಗ್ಯಾಕೆ ಅಂತೀರಾ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ವಾಚ್‌ಮನ್ ಇದ್ದ. ಯಾವೂರಪ್ಪ ಅಂದರೆ 'ಬಾಪಟ್ಲಾ ಕಡೆ ಸಾರ್' ಅಂತ ಮಾತು ಮುಗಿಸುತ್ತಿದ್ದ. ಒಂದು ದಿನ ಮೂರನೇ ಮಹಡಿಯವರ ಸರ ಕಾಣೆಯಾಯಿತು. ಯಾರೋ ಅವನ ಆಧಾರ್ ಕಾರ್ಡ್ ನೋಡಿದರು. ಊರು ಸ್ಟೂವರ್ಟ್‌ಪುರಂ. ಮುಗೀತು. ಸಂಜೆ ಮೀಟಿಂಗ್ ಕರೆದರು. ಪುರಾವೆ ಏನಾದರೂ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದಲ್ಲದೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೀಟಿಂಗ್ ಮುಗಿಸಿ ಮನೆಗೆ ಬಂದು ಬೀರು ತೆಗೆದು ಹೆಂಡತಿಯ ಬಳೆ ಎಣಿಸಿದೆ. ಮರುದಿನ ಅವನು ಹೆಂಡತಿ ಮಕ್ಕಳ ಸಮೇತ ಹೊರಟುಹೋದ.

ಸ್ಟೂವರ್ಟ್‌ಪುರಂ ಅನ್ನುವುದು ಶತಮಾನದ ಹಿಂದೆ ಬ್ರಿಟಿಷರು ಎರುಕಲ ಜನರನ್ನು ತಂದು ಕೂರಿಸಿದ ಸೆಟ್ಲ್‌ಮೆಂಟ್. ಮೇಲ್ವಿಚಾರಣೆ ಸಾಲ್ವೇಶನ್ ಆರ್ಮಿಯದ್ದು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಪ್ರಕಾರ ಇಂಥ ಜನ ಹುಟ್ಟುತ್ತಲೇ ಕಳ್ಳರು. 1952ರಲ್ಲಿ ಆ ಪಟ್ಟಿ ರದ್ದಾಯಿತು, ಕಾಗದದ ಮೇಲೆ. 1991ರಲ್ಲಿ ಯಂಡಮೂರಿ ವೀರೇಂದ್ರನಾಥ್ ಆ ಊರಿನ ಹೆಸರಿಟ್ಟೇ ಚಿರಂಜೀವಿಯ ಸಿನಿಮಾ ನಿರ್ದೇಶಿಸಿದರು. ಹೌದು, ನಾವೆಲ್ಲ 'ತುಳಸಿದಳ' ಓದಿ ಹೆದರಿದೆವಲ್ಲ, ಅದೇ ಯಂಡಮೂರಿ. 2023ರ ದಸರಾಕ್ಕೆ ಅದೇ ಊರಿನ ಕಳ್ಳನೊಬ್ಬನ ಮೇಲೆ ರವಿತೇಜನ 'ಟೈಗರ್ ನಾಗೇಶ್ವರ ರಾವ್' ಬಂತು. ನಾಯಕ ಒಳ್ಳೆಯವನೇ ಇರಬಹುದು, ಊರಿನ ಹೆಸರು ಮಾತ್ರ ಪೋಲೀಸ್ ಡೈರಿಯಿಂದ ಈಚೆಗೆ ಬರುವುದಿಲ್ಲ. ನಮ್ಮ ಮೀಟಿಂಗಿನಲ್ಲಿ ಕೂತವರಲ್ಲಿ ಎಷ್ಟು ಜನ ಸ್ಟೂವರ್ಟ್‌ಪುರಂ ಕಂಡಿದ್ದರು? ಗೊತ್ತಿದ್ದದ್ದೆಲ್ಲ ಸಿನಿಮಾದಿಂದ.

ಈ ದಂಧೆಯ ಮೂಲ ಹುಡುಕಿದರೆ ನಮ್ಮ ಬಾಗಿಲಿಗೇ ಬರುತ್ತದೆ. ನಮ್ಮ ಸುರಪುರದ ಮೆಡೋಸ್ ಟೇಲರ್ ಗೊತ್ತಲ್ಲ? ನಿಜಾಮರ ಸೇವೆಯಲ್ಲಿದ್ದ ಆತ ಸುರಪುರಕ್ಕೆ ಬರುವ ಮುಂಚೆಯೇ, 1839ರಲ್ಲಿ, 'ಕನ್ಫೆಷನ್ಸ್ ಆಫ್ ಎ ಥಗ್' ಪ್ರಕಟಿಸಿದ್ದ. ಸೆರೆಯಲ್ಲಿರುವ ಠಕ್ಕನೊಬ್ಬ ಬಿಳಿ ಸಾಹೇಬನಿಗೆ ಒಂದೊಂದೇ ಕೊಲೆ ವಿವರಿಸುತ್ತಾನೆ. ಲಂಡನ್ ಮುಗಿಬಿದ್ದು ಓದಿತು. ಕಾದಂಬರಿಯಿಂದಲೇ ಕಾನೂನು ಬಂತು ಅನ್ನುವಷ್ಟು ಮೂರ್ಖ ನಾನಲ್ಲ. ಆದರೆ ಕೊಲೆ, ಕಳವು ಒಂದು ಗುಂಪಿನ ಕುಲಕಸುಬು ಅನ್ನುವ ರುಚಿಯನ್ನು ಓದುಗರಿಗೆ ಹತ್ತಿಸಿದ್ದರಲ್ಲಿ ಅದರ ಪಾಲಿದೆ. ಸುರಪುರದಲ್ಲಿ ಆತ ಒಳ್ಳೆಯ ಆಡಳಿತ ಮಾಡಿದ ಅಂತ ನಮ್ಮ ಹಿರಿಯರು ಹೊಗಳುವುದನ್ನು ಕೇಳುತ್ತಲೇ ಬೆಳೆದೆ. ಹೊಗಳಲಿ. ಆ ಪುಸ್ತಕವನ್ನೂ ಲೆಕ್ಕಕ್ಕೆ ಹಿಡಿಯಲಿ.

ಹಾಗಾದರೆ ಹೊರಗಿನವರು ಬರೆಯಲೇಬಾರದಾ ಅಂತ ಕೇಳುವವರಿದ್ದಾರೆ. ಬರೆಯಲಿ, ಯಾರು ಬೇಡ ಅಂದರು? ತೇಜಸ್ವಿಯವರ 'ಜುಗಾರಿ ಕ್ರಾಸ್' ನೋಡಿ. ಉಸಿರು ಬಿಗಿಹಿಡಿದು ಓದುತ್ತೇವೆ. ಅಲ್ಲಿ ಅಪರಾಧ ಹುಟ್ಟುವುದು ಏಲಕ್ಕಿಯ ವ್ಯಾಪಾರದಿಂದ, ದುಡ್ಡಿನಿಂದ. ಯಾವ ಜಾತಿಯ ಗುಡಿಸಲಿನಿಂದಲೂ ಅಲ್ಲ. ಇನ್ನು ಕಳ್ಳರ ಪಟ್ಟ ಹೊತ್ತವರ ಮನೆಯೊಳಗೆ ಹೋಗಬೇಕೆಂದರೆ ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕತೆ 'ಉಚಲ್ಯಾ' ಇದೆ, 1988ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅವರ ಊರು ಲಾತೂರಿನ ಕಡೆ, ನಮ್ಮಂತೆಯೇ ಒಂದು ಕಾಲಕ್ಕೆ ನಿಜಾಮರ ಸೀಮೆ. ಅದರಲ್ಲಿ ಕಳವೂ ಇದೆ, ಹಸಿವೂ ಇದೆ, ಮನೆಗೆ ನುಗ್ಗಿ ಬಡಿಯುವ ಪೋಲೀಸರೂ ಇದ್ದಾರೆ. ಏನನ್ನೂ ಮುಚ್ಚಿಟ್ಟಿಲ್ಲ. ಆದರೂ ಓದಿದ ಮೇಲೆ ಯಾರೂ ಎದ್ದುಹೋಗಿ ಬೀರು ತೆಗೆದು ನೋಡುವುದಿಲ್ಲ.

ಸರ ಸಿಕ್ಕಿತೋ ಇಲ್ಲವೋ, ಯಾರೂ ಹೇಳಲಿಲ್ಲ. ಹೊಸ ವಾಚ್‌ಮನ್ ಬಂದಿದ್ದಾನೆ. ಈಗ ಕಮಿಟಿಯವರು ಕೆಲಸಕ್ಕೆ ಯಾರೇ ಬರಲಿ, ಆಧಾರ್ ಜೆರಾಕ್ಸ್ ಇಸಿದುಕೊಂಡು ಮೊದಲು ಊರಿನ ಸಾಲನ್ನೇ ಓದುತ್ತಾರೆ. ನಾನು ಈ ಫ್ಲಾಟಿಗೆ ಬಂದಾಗಲೂ ಜೆರಾಕ್ಸ್ ಕೊಟ್ಟಿದ್ದೆ. ಯಾದಗಿರಿ ಜಿಲ್ಲೆ, ಸುರಪುರ ತಾಲೂಕು. ಯಾರೂ ಎರಡನೇ ಸಲ ನೋಡಲಿಲ್ಲ.